ಕರುಳಿನ ದೀರ್ಘಕಾಲದ ಉರಿಯೂತ: ನಿಲ್ಲದ ಡಂಗುರ

ಮಲದಲ್ಲಿ ರಕ್ತ ಕಂಡರೆ ನಮ್ಮಲ್ಲಿ ಮೊದಲು ನೆನಪಾಗುವುದು ಮೂಲವ್ಯಾಧಿ. ರಕ್ತದ ಜೊತೆಗೆ ಲೋಳೆಯೂ ಬಿದ್ದು, ದಿನಕ್ಕೆ ಆರೇಳು ಬಾರಿ ಪಾಯಿಖಾನೆಗೆ ಓಡುವಂತಾದರೆ ಆಮಶಂಕೆ ಎಂದುಕೊಳ್ಳುತ್ತೇವೆ. ಔಷಧಿ ಅಂಗಡಿಯಿಂದ ಮಾತ್ರೆ ತಂದು ನಾಲ್ಕು ದಿನ ನುಂಗುತ್ತೇವೆ. ಸ್ವಲ್ಪ ಕಡಿಮೆಯಾದರೆ ಮರೆಯುತ್ತೇವೆ. ಮುಂದಿನ ತಿಂಗಳು ಮತ್ತೆ ಶುರುವಾದರೆ ಮತ್ತೆ ಅದೇ ಮಾತ್ರೆ. ಇಂಥವರಲ್ಲಿ ಅನೇಕರಿಗೆ ಇರುವುದು ನಿಜವಾಗಿಯೂ ಮೂಲವ್ಯಾಧಿಯೋ ಅಮೀಬಾ ಸೋಂಕೋ ಆಗಿರುತ್ತದೆ. ಆದರೆ ಕೆಲವರಲ್ಲಿ, ಅದರಲ್ಲೂ ಹದಿಹರೆಯದವರು ಮತ್ತು ನಡುವಯಸ್ಸು ದಾಟದವರಲ್ಲಿ, ಇಂಥ ತೊಂದರೆ ವಾರಗಟ್ಟಲೆ ಬಿಡದೆ ಕಾಡಿದರೆ ಅದು ಬೇರೆಯೇ ಕಾಯಿಲೆ ಇರಬಹುದು. ಅಲ್ಲಿ ಕೊಲ್ಲಬೇಕಾದ ಕ್ರಿಮಿ ಇರುವುದಿಲ್ಲ. ಕರುಳನ್ನು ಕೆಡಿಸುತ್ತಿರುವುದು ನಮ್ಮದೇ ರೋಗನಿರೋಧಕ ವ್ಯವಸ್ಥೆ.

ಇಂಥ ಕಾಯಿಲೆಗಳಲ್ಲಿ ಮುಖ್ಯವಾದವು ಎರಡು. ಒಂದು, ಅಲ್ಸರೇಟಿವ್ ಕೊಲೈಟಿಸ್. ಇದು ದೊಡ್ಡ ಕರುಳಿಗೆ ಸೀಮಿತ. ಗುದನಾಳದಿಂದ ಶುರುವಾಗಿ ಮೇಲಕ್ಕೆ ಹಬ್ಬುತ್ತದೆ, ಕರುಳಿನ ಒಳಪದರದಲ್ಲಿ ಹುಣ್ಣಾಗುತ್ತದೆ. ಇನ್ನೊಂದು, ಕ್ರೋನ್ಸ್ ಕಾಯಿಲೆ. ಇದು ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಳ್ಳಬಹುದಾದರೂ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗ ಅದಕ್ಕೆ ಬಲು ಪ್ರಿಯ. ಇಲ್ಲಿ ಕರುಳಿನ ಗೋಡೆಯ ಪೂರ್ತಿ ದಪ್ಪ ಊದಿಕೊಳ್ಳುತ್ತದೆ. ಆದ್ದರಿಂದ ಕರುಳು ಕಿರಿದಾಗಿ ಅಡಚಣೆಯಾಗುವುದು, ಭಗಂದರವಾಗುವುದು ಇದರಲ್ಲಿ ಹೆಚ್ಚು. ಪರೀಕ್ಷೆಯ ಚಿಂತೆಯಲ್ಲಿ ಹೊಟ್ಟೆ ಕೆಡುವ ಐಬಿಎಸ್ ಎಂಬ ತೊಂದರೆಗೂ ಇದಕ್ಕೂ ಹೆಸರಿನಲ್ಲಷ್ಟೇ ಹೋಲಿಕೆ. ಐಬಿಎಸ್‌ನಲ್ಲಿ ಹುಣ್ಣಾಗುವುದಿಲ್ಲ, ರಕ್ತ ಬೀಳುವುದಿಲ್ಲ, ತೂಕ ಇಳಿಯುವುದಿಲ್ಲ.

ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ವಿಲ್ಕ್ಸ್ 1859ರಲ್ಲಿ ಕೊಲೈಟಿಸ್ ಬಗ್ಗೆ ಬರೆದಿದ್ದರು. ನ್ಯೂಯಾರ್ಕಿನ ಬರಿಲ್ ಕ್ರೋನ್ ಮತ್ತು ಇಬ್ಬರು ಸಹೋದ್ಯೋಗಿಗಳು 1932ರಲ್ಲಿ ಇನ್ನೊಂದನ್ನು ವರ್ಣಿಸಿದರು. ಬಹಳ ಕಾಲ ಇವು ಬಿಳಿಯರ ಕಾಯಿಲೆ, ನಮಗೆ ಬಾರದು ಎಂಬ ನಂಬಿಕೆಯಿತ್ತು. ಪಂಜಾಬಿನಲ್ಲಿ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಯ ಫಲಿತಾಂಶ 2003ರಲ್ಲಿ ಪ್ರಕಟವಾದಾಗ ಆ ನಂಬಿಕೆ ಉಳಿಯಲಿಲ್ಲ: ಅಲ್ಲಿ ಲಕ್ಷ ಜನರಲ್ಲಿ ಸುಮಾರು 44 ಮಂದಿಗೆ ಅಲ್ಸರೇಟಿವ್ ಕೊಲೈಟಿಸ್ ಇತ್ತು. ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ನೆಲೆಸಿದ ಭಾರತೀಯ ಮೂಲದವರಲ್ಲಿ ಈ ಕಾಯಿಲೆ ಅಲ್ಲಿನ ಬಿಳಿಯರಿಗಿಂತ ಹೆಚ್ಚೆಂಬುದು 1990ರ ದಶಕದಲ್ಲೇ ಕಂಡುಬಂದಿತ್ತು.

ಬನ್ನಿ ಎನ್ನುವವರು, ಸಾಕು ಎನ್ನುವವರು

ಉರಿಯೂತ ಎಂಬ ಮಾತನ್ನೇ ಬಿಡಿಸಿ ನೋಡಿ. ಉರಿ ಮತ್ತು ಊತ. ಕಾಲಿಗೆ ಮುಳ್ಳು ಚುಚ್ಚಿದ ಜಾಗ ಕೆಂಪಾಗಿ, ಬಿಸಿಯಾಗಿ, ಊದಿ ನೋಯುತ್ತದಲ್ಲ, ಅದೇ. ಇದು ಕಾಯಿಲೆಯಲ್ಲ, ರಕ್ಷಣೆ. ಅಲ್ಲಿಗೆ ಬಿಳಿ ರಕ್ತಕಣಗಳು ಬಂದು ಕ್ರಿಮಿಗಳನ್ನು ನುಂಗಿ, ಗಾಯ ಮಾಯಲು ದಾರಿ ಮಾಡಿಕೊಡುತ್ತವೆ. ನಾಲ್ಕು ದಿನದಲ್ಲಿ ಎಲ್ಲ ಇಳಿಯುತ್ತದೆ.

ಆದರೆ ಬಿಳಿ ರಕ್ತಕಣಗಳಿಗೆ ಮುಳ್ಳು ಚುಚ್ಚಿದ್ದು ಎಲ್ಲಿ ಎಂದು ಹೇಳಿದವರು ಯಾರು? ಕೆಲಸ ಮುಗಿಯಿತು, ಹೊರಡಿ ಎಂದವರು ಯಾರು? ಜೀವಕೋಶಗಳು ಸ್ರವಿಸುವ ಪುಟ್ಟ ಪ್ರೋಟೀನುಗಳು. ವಿಜ್ಞಾನಿಗಳು ಇವನ್ನು ಸೈಟೊಕೈನ್ ಎನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿ ಹಿಂದೆ ಡಂಗುರ ಸಾರುವ ಪದ್ಧತಿಯಿತ್ತು. ಒಬ್ಬ ತಮಟೆ ಬಡಿದು ಸುದ್ದಿ ಹೇಳಿದರೆ ಊರೆಲ್ಲ ಸೇರುತ್ತಿತ್ತು. ಸೈಟೊಕೈನುಗಳದು ಇದೇ ಕೆಲಸ. ಒಂದು ಕೋಶ ಇವನ್ನು ಹೊರಬಿಡುತ್ತದೆ. ಇನ್ನೊಂದು ಕೋಶದ ಮೈಮೇಲೆ ಇವಕ್ಕೆ ಸರಿಹೊಂದುವ ಗ್ರಾಹಕ ಇರುತ್ತದೆ. ಎರಡೂ ಕೂಡಿದೊಡನೆ ಆ ಕೋಶಕ್ಕೆ ಅಪ್ಪಣೆಯಾಗುತ್ತದೆ. ಬೇಕಾಗುವ ಪ್ರಮಾಣ ಅತ್ಯಲ್ಪ.

ಹೆಸರುಗಳು ಸ್ವಲ್ಪ ಒರಟು, ಆದರೆ ನಾಲ್ಕಾರು ತಿಳಿದಿದ್ದರೆ ವೈದ್ಯರ ಚೀಟಿ ಅರ್ಥವಾಗುತ್ತದೆ. ಟಿಎನ್‌ಎಫ್ ಎಂಬುದು ದೊಡ್ಡ ದನಿಯ ಡಂಗುರದವನು, ಎಲ್ಲರನ್ನೂ ಎಬ್ಬಿಸುತ್ತಾನೆ. ಉಳಿದ ಬಹಳಷ್ಟು ಕಣಗಳಿಗೆ ಇಂಟರ್‌ಲ್ಯೂಕಿನ್ ಎಂದು ಹೆಸರಿಟ್ಟು, ಪತ್ತೆಯಾದಂತೆಲ್ಲ ಸಂಖ್ಯೆ ಕೊಡುತ್ತಾ ಹೋಗಿದ್ದಾರೆ. ಇಲ್ಲಿ ಅವನ್ನು ಐಎಲ್ ಎನ್ನೋಣ. ಐಎಲ್-8 ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಕರೆತರುತ್ತದೆ. ಐಎಲ್-23 ಉರಿಯೂತವನ್ನು ದೀರ್ಘಕಾಲ ಮುಂದುವರಿಸುವ ಲಿಂಫೋಸೈಟುಗಳಿಗೆ ಬೆಂಬಲ ಕೊಡುತ್ತದೆ. ಐಎಲ್-10 ಮಾತ್ರ ಇದಕ್ಕೆ ವಿರುದ್ಧ. ಅದು ಸಾಕು, ಮನೆಗೆ ಹೋಗಿ ಎನ್ನುತ್ತದೆ.

ಈಗ ಕರುಳಿನ ಪರಿಸ್ಥಿತಿ ಯೋಚಿಸಿ. ನಮ್ಮ ದೊಡ್ಡ ಕರುಳಿನಲ್ಲಿ ಲಕ್ಷಾಂತರ ಕೋಟಿ ಬ್ಯಾಕ್ಟೀರಿಯಾಗಳು ಸಂಸಾರ ಮಾಡಿಕೊಂಡಿವೆ. ಅವಕ್ಕೂ ನಮ್ಮ ದೇಹಕ್ಕೂ ನಡುವೆ ಇರುವುದು ಒಂದು ಲೋಳೆಯ ಹೊದಿಕೆ ಮತ್ತು ಅದರ ಕೆಳಗೆ ಒಂದೇ ಒಂದು ಸಾಲು ಜೀವಕೋಶ. ಚರ್ಮದಂತೆ ಹಲವು ಪದರಗಳ ರಕ್ಷಣೆ ಇಲ್ಲಿಲ್ಲ, ಇದ್ದಿದ್ದರೆ ಊಟ ಮೈಗೆ ಹತ್ತುತ್ತಿರಲಿಲ್ಲ. ಇಷ್ಟು ತೆಳು ಗೋಡೆಯ ಆಚೆ ಇಷ್ಟೊಂದು ಕ್ರಿಮಿಗಳಿದ್ದೂ ಕರುಳು ಶಾಂತವಾಗಿರುವುದು ಬನ್ನಿ ಎನ್ನುವವರ ಮತ್ತು ಸಾಕು ಎನ್ನುವವರ ಸಮತೋಲದಿಂದ. ಹುಟ್ಟಿನಿಂದ ಬಂದ ಗುಣ, ಕರುಳಿನ ಬ್ಯಾಕ್ಟೀರಿಯಾಗಳಲ್ಲಾದ ವ್ಯತ್ಯಾಸ, ಊಟ, ಪರಿಸರ, ಹೀಗೆ ಹಲವು ಕಾರಣ ಕೂಡಿ ಈ ಸಮತೋಲ ತಪ್ಪಿದಾಗ ಡಂಗುರ ನಿಲ್ಲುವುದಿಲ್ಲ. ಬಿಳಿ ರಕ್ತಕಣಗಳು ಬರುತ್ತಲೇ ಇರುತ್ತವೆ. ಇಲ್ಲದ ಶತ್ರುವಿನ ಮೇಲೆ ಅವು ಬಿಟ್ಟ ಅಸ್ತ್ರಗಳಿಂದ ಗೋಡೆಗೆ ಪೆಟ್ಟಾಗುತ್ತದೆ, ಗೋಡೆ ಬಿರುಕು ಬಿಟ್ಟಲ್ಲಿ ಬ್ಯಾಕ್ಟೀರಿಯಾ ನುಸುಳುತ್ತದೆ, ಅದನ್ನು ಕಂಡು ಡಂಗುರ ಇನ್ನೂ ಜೋರಾಗುತ್ತದೆ.

ಸಾಕು ಎನ್ನುವವರು ಇಲ್ಲದಿದ್ದರೆ ಏನಾಗುತ್ತದೆಂದು ಇಲಿಗಳು ತೋರಿಸಿಕೊಟ್ಟವು. ಜರ್ಮನಿಯ ಕಲೋನ್ ನಗರದ ವಿಜ್ಞಾನಿಗಳು ಐಎಲ್-10 ಇಲ್ಲದ ಇಲಿಗಳನ್ನು ಹುಟ್ಟಿಸಿದರು. ಅವಕ್ಕೆ ತಾನಾಗಿಯೇ ಕರುಳಿನ ಉರಿಯೂತ ಬಂತೆಂದು 1993ರಲ್ಲಿ ವರದಿ ಮಾಡಿದರು. ಅಂಥದೇ ಇಲಿಗಳನ್ನು ಒಂದೂ ಬ್ಯಾಕ್ಟೀರಿಯಾ ಇಲ್ಲದ ವಾತಾವರಣದಲ್ಲಿ ಸಾಕಿದಾಗ ಕಾಯಿಲೆ ಬರಲಿಲ್ಲ. ಅಂದರೆ ಬ್ಯಾಕ್ಟೀರಿಯಾವೂ ಬೇಕು, ಲಗಾಮು ಕಳಚಿದ ಸಂದೇಶವೂ ಬೇಕು. ಎರಡೂ ಕೂಡಿದರೇ ಕಾಯಿಲೆ. ಮನುಷ್ಯರಲ್ಲೂ ಇದು ನಿಜ ಎಂಬುದು 2009ರಲ್ಲಿ ತಿಳಿಯಿತು. ಹುಟ್ಟಿದ ಮೊದಲ ವರ್ಷದಲ್ಲೇ ಭೀಕರ ಕರುಳಿನ ಉರಿಯೂತಕ್ಕೆ ತುತ್ತಾದ ಕೆಲವು ಮಕ್ಕಳಲ್ಲಿ ಐಎಲ್-10ರ ಗ್ರಾಹಕ ಕೆಟ್ಟಿತ್ತು. ಅವರಲ್ಲಿ ಒಂದು ಮಗುವಿಗೆ ಬೇರೊಬ್ಬರ ಮೂಲಕೋಶಗಳ ಕಸಿ ಮಾಡಿದಾಗ ಕಾಯಿಲೆ ಇಳಿಯಿತು. ಇದು ಅತಿ ವಿರಳ ಪ್ರಸಂಗ. ಸಾಮಾನ್ಯ ಕೊಲೈಟಿಸ್ ರೋಗಿಗಳು ತಮಗೂ ಕಸಿ ಬೇಕೇನೋ ಎಂದು ಗಾಬರಿಯಾಗಬೇಕಿಲ್ಲ.

ಕರುಳಿನ ಕಾಯಿಲೆ, ಮೈಗೆಲ್ಲ ಬಳಲಿಕೆ

ರೋಗಿಯ ಮನೆಯವರು ಅನೇಕ ಬಾರಿ ಒಂದು ಮಾತು ಹೇಳುವುದುಂಟು: "ಭೇದಿ ಕಡಿಮೆಯಾಗಿದೆ, ಆದರೂ ಯಾವಾಗಲೂ ಮಲಗಿರುತ್ತಾನೆ, ಸೋಮಾರಿಯಾಗಿದ್ದಾನೆ." ಇದು ಸೋಮಾರಿತನವಲ್ಲ. ಕರುಳಿನಲ್ಲಿ ಹುಟ್ಟಿದ ಸೈಟೊಕೈನುಗಳು ರಕ್ತದಲ್ಲಿ ಸೇರಿ ಮೈಯೆಲ್ಲ ಸುತ್ತುತ್ತವೆ. ಐಎಲ್-1, ಟಿಎನ್‌ಎಫ್ ಮತ್ತು ಐಎಲ್-6 ಮಿದುಳಿಗೆ ಸಂದೇಶ ಮುಟ್ಟಿಸಿ ಜ್ವರ, ಸುಸ್ತು, ಊಟ ಬೇಡವೆನ್ನಿಸುವುದು ಎಲ್ಲವನ್ನೂ ತರುತ್ತವೆ.

ಐಎಲ್-6 ಯಕೃತ್ತಿಗೂ ಅಪ್ಪಣೆ ಕೊಡುತ್ತದೆ. ಆಗ ಯಕೃತ್ತು ಸಿಆರ್‌ಪಿ ಎಂಬ ಪ್ರೋಟೀನನ್ನು ತಯಾರಿಸುತ್ತದೆ. ಲ್ಯಾಬ್ ವರದಿಯಲ್ಲಿ ಸಿಆರ್‌ಪಿ ಹೆಚ್ಚಿದೆ ಎಂದರೆ ಮೈಯಲ್ಲೆಲ್ಲೋ ಉರಿಯೂತವಿದೆ ಎಂದಷ್ಟೇ ಅರ್ಥ, ಎಲ್ಲಿ ಎಂದು ಅದು ಹೇಳದು. ಎಲ್ಲಿ ಎಂಬುದಕ್ಕೆ ಮಲದ ಪರೀಕ್ಷೆಯೊಂದಿದೆ. ಕರುಳಿಗೆ ಬಂದ ನ್ಯೂಟ್ರೋಫಿಲ್‌ಗಳು ಸತ್ತು ಕ್ಯಾಲ್‌ಪ್ರೊಟೆಕ್ಟಿನ್ ಎಂಬ ವಸ್ತುವನ್ನು ಬಿಡುತ್ತವೆ, ಅದು ಮಲದಲ್ಲಿ ಹೋಗುತ್ತದೆ. ಅದರ ಪ್ರಮಾಣ ಅಳೆದು ಕರುಳಿನ ಉರಿಯೂತ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯಬಹುದು. ಪ್ರತಿ ಸಲವೂ ಕೊಲೊನೋಸ್ಕೋಪಿ ಮಾಡಿಸಬೇಕಾದ ಕಷ್ಟ ಇದರಿಂದ ತಪ್ಪುತ್ತದೆ. ಆದರೆ ಸೋಂಕಿನ ಭೇದಿಯಲ್ಲೂ ಇದು ಏರುತ್ತದೆ ಎಂಬುದು ನೆನಪಿರಲಿ.

ರಕ್ತಹೀನತೆಯ ವಿಷಯವೂ ಸ್ವಾರಸ್ಯದ್ದು. ರಕ್ತ ಸೋರುವುದರಿಂದ ಕಬ್ಬಿಣಾಂಶ ಕಡಿಮೆಯಾಗುವುದು ಸರಿಯೇ. ಅದಲ್ಲದೆ ಅದೇ ಐಎಲ್-6 ಯಕೃತ್ತಿನಿಂದ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೊರಡಿಸುತ್ತದೆ, ಆ ಹಾರ್ಮೋನು ಕರುಳು ಕಬ್ಬಿಣವನ್ನು ಹೀರಿಕೊಳ್ಳದಂತೆ ಬಾಗಿಲು ಹಾಕುತ್ತದೆ. ಸೊಪ್ಪು, ಬೆಲ್ಲ, ಕಬ್ಬಿಣದ ಮಾತ್ರೆ ಎಷ್ಟು ಕೊಟ್ಟರೂ ಹಿಮೋಗ್ಲೋಬಿನ್ ಏರುವುದಿಲ್ಲ ಎಂದು ತಾಯಂದಿರು ಕೊರಗುವುದಕ್ಕೆ ಕಾರಣ ಇದೇ. ಉರಿಯೂತ ಜೋರಾಗಿದ್ದಾಗ ವೈದ್ಯರು ಕಬ್ಬಿಣವನ್ನು ರಕ್ತನಾಳದ ಮೂಲಕ ಕೊಡುವುದು ಈ ಬಾಗಿಲನ್ನು ತಪ್ಪಿಸಲಿಕ್ಕಾಗಿ. ಬೆಳೆಯುವ ಮಕ್ಕಳಲ್ಲಿ ಇವೇ ಸಂದೇಶಗಳು ಬೆಳವಣಿಗೆಯ ಹಾರ್ಮೋನಿನ ಕೆಲಸಕ್ಕೆ ಅಡ್ಡಿ ಮಾಡುತ್ತವೆ. ಓರಗೆಯವರಿಗಿಂತ ಗಿಡ್ಡವಾಗಿ ಉಳಿದು, ಮೈನೆರೆಯುವುದೂ ತಡವಾದ ಮಗುವಿಗೆ ಆಗಾಗ ಹೊಟ್ಟೆನೋವಿದ್ದರೆ ಕರುಳಿನ ಕಡೆಗೂ ಗಮನ ಹರಿಯಬೇಕು. ಕೀಲುನೋವು, ಕಣ್ಣು ಕೆಂಪಾಗಿ ನೋಯುವುದು, ಮೊಣಕಾಲ ಕೆಳಗೆ ಕೆಂಪು ಗಂಟುಗಳೇಳುವುದು ಇವೂ ಈ ಕಾಯಿಲೆಯ ನೆಂಟರೇ.

ಟಿಎನ್‌ಎಫ್ ಬಾಯಿ ಕಟ್ಟಿದ ಕಥೆ

ಟಿಎನ್‌ಎಫ್ ಪತ್ತೆಯಾದದ್ದು ಕರುಳಿನ ಸಂಬಂಧದಿಂದಲ್ಲ. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಸಂಸ್ಥೆಯಲ್ಲಿ ಲಾಯ್ಡ್ ಓಲ್ಡ್ ಅವರ ತಂಡ 1975ರಲ್ಲಿ ಇಲಿಗಳ ಕ್ಯಾನ್ಸರ್ ಗಡ್ಡೆಯನ್ನು ಕೊಳೆಯಿಸುವ ಅಂಶವೊಂದನ್ನು ಕಂಡಿತು. ಆ ಗುಣವೇ ಅದರ ಹೆಸರಾಯಿತು. ಅದೇ ನಗರದ ಇನ್ನೊಂದು ಸಂಸ್ಥೆಯಲ್ಲಿ ಬ್ರೂಸ್ ಬಾಯ್ಟ್ಲರ್ ಎಂಬ ಯುವ ವೈದ್ಯ, ದೀರ್ಘ ಸೋಂಕಿನಲ್ಲಿ ಪ್ರಾಣಿಗಳು ಏಕೆ ಕೃಶವಾಗುತ್ತವೆ ಎಂದು ಹುಡುಕುತ್ತಾ 1985ರಲ್ಲಿ ಒಂದು ಪ್ರೋಟೀನನ್ನು ಬೇರ್ಪಡಿಸಿದರೆ, ಅದೂ ಟಿಎನ್‌ಎಫ್ ಆಗಿತ್ತು! ಕ್ಯಾನ್ಸರಿಗೆ ಮದ್ದಾದೀತೆಂದು ಆಸೆಪಟ್ಟ ವಸ್ತು ಮೈಯನ್ನೇ ಸೊರಗಿಸುವಂಥದು ಎಂದು ತಿಳಿದ ಮೇಲೆ, ಅದನ್ನು ಕೊಡುವ ಬದಲು ತಡೆಯುವ ಯೋಚನೆ ಬಂತು.

ತಡೆಯಲು ಬಳಸಿದ್ದು ಪ್ರತಿಕಾಯ. ಟಿಎನ್‌ಎಫ್ ಒಂದನ್ನೇ ಹಿಡಿಯುವಂತೆ ಪ್ರಯೋಗಶಾಲೆಯಲ್ಲಿ ತಯಾರಿಸಿದ ಪ್ರತಿಕಾಯವೇ ಇನ್‌ಫ್ಲಿಕ್ಸಿಮ್ಯಾಬ್. ಹೀಗೆ ತಯಾರಾದ ಔಷಧಗಳ ಹೆಸರು ಸಾಮಾನ್ಯವಾಗಿ ಮ್ಯಾಬ್ ಎಂದು ಕೊನೆಯಾಗುತ್ತದೆ. ಬೇರಾವ ಔಷಧಕ್ಕೂ ಬಗ್ಗದ ಕ್ರೋನ್ಸ್ ಇದ್ದ ಬಾಲಕಿಯೊಬ್ಬಳಿಗೆ ಆಮ್‌ಸ್ಟರ್‌ಡ್ಯಾಮಿನ ವೈದ್ಯರು ಇದನ್ನು ಕೊಟ್ಟು, ಆಕೆ ಚೇತರಿಸಿಕೊಂಡದ್ದನ್ನು 1993ರಲ್ಲಿ ವರದಿ ಮಾಡಿದರು. ನಾಲ್ಕು ವರ್ಷದ ನಂತರ 108 ರೋಗಿಗಳ ಮೇಲಿನ ಪರೀಕ್ಷೆಯ ಫಲಿತಾಂಶ ಬಂತು. ಒಂದೇ ಒಂದು ಸಲ ರಕ್ತನಾಳಕ್ಕೆ ಈ ಔಷಧ ಏರಿಸಿದ ನಾಲ್ಕು ವಾರಗಳಲ್ಲಿ ಶೇ. 65 ಮಂದಿಗೆ ಗುಣ ಕಂಡಿತ್ತು, ಔಷಧವಿಲ್ಲದ ದ್ರವ ಏರಿಸಿಕೊಂಡವರಲ್ಲಿ ಶೇ. 17 ಮಂದಿಗೆ ಮಾತ್ರ. ಅಮೆರಿಕದಲ್ಲಿ 1998ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು.

ಹಾಗಾದರೆ ಬನ್ನಿ ಎನ್ನುವವರ ಬಾಯಿ ಮುಚ್ಚಿಸಿ, ಸಾಕು ಎನ್ನುವವರನ್ನು ಹೆಚ್ಚಿಸಿದರೆ ಎಲ್ಲ ಸರಿಹೋಗಬೇಕಲ್ಲವೆ? ಇಲ್ಲ. ಐಎಲ್-10ನ್ನೇ ಚುಚ್ಚುಮದ್ದಾಗಿ ಕೊಟ್ಟು ನೋಡಿದರು, ಹೇಳಿಕೊಳ್ಳುವಂಥ ಪ್ರಯೋಜನವಾಗಲಿಲ್ಲ. ಸಂಧಿವಾತದಲ್ಲಿ ಚೆನ್ನಾಗಿ ಕೆಲಸ ಮಾಡುವ ಎಟಾನರ್ಸೆಪ್ಟ್ ಎಂಬ ಔಷಧವೂ ಟಿಎನ್‌ಎಫ್ ಅನ್ನೇ ಹಿಡಿಯುತ್ತದೆ, ಆದರೆ ಕ್ರೋನ್ಸ್‌ನಲ್ಲಿ ಅದು ಸೋತಿತು. ಐಎಲ್-17 ಎಂಬುದು ಉರಿಯೂತ ಹೆಚ್ಚಿಸುವ ಕಣ, ಸೋರಿಯಾಸಿಸ್‌ನಲ್ಲಿ ಅದನ್ನು ತಡೆದರೆ ಚರ್ಮ ತಿಳಿಯಾಗುತ್ತದೆ. ಅದೇ ಧೈರ್ಯದಿಂದ ಕ್ರೋನ್ಸ್ ರೋಗಿಗಳಿಗೆ ಕೊಟ್ಟಾಗ, 2012ರಲ್ಲಿ ಪ್ರಕಟವಾದ ವರದಿಯಂತೆ, ಪ್ರಯೋಜನವಾಗುವ ಬದಲು ಕೆಲವರಲ್ಲಿ ಕಾಯಿಲೆ ಉಲ್ಬಣಿಸಿತು. ಕರುಳಿನ ಗೋಡೆಯನ್ನು ಗಟ್ಟಿಯಾಗಿಡುವುದರಲ್ಲಿ ಐಎಲ್-17ಕ್ಕೂ ಒಂದು ಪಾತ್ರವಿದೆ ಎಂಬುದು ಇದರ ವಿವರಣೆ. ಒಂದೇ ಕಣ ಒಂದು ಕಡೆ ಕೆಡಿಸುತ್ತದೆ, ಇನ್ನೊಂದು ಕಡೆ ಕಾಯುತ್ತದೆ. ಟಿಎನ್‌ಎಫ್ ವಿಷಯದಲ್ಲೂ ಇದೇ ಮಾತು, ಮತ್ತು ನಮ್ಮ ದೇಶದ ರೋಗಿಗಳಿಗೆ ತೀರಾ ಮುಖ್ಯವಾದ ಸಂಗತಿ ಇಲ್ಲೇ ಇದೆ.

ಮಲಗಿರುವ ಕ್ಷಯ

ಕ್ಷಯದ ಬ್ಯಾಕ್ಟೀರಿಯಾ ಹೊಕ್ಕವರಿಗೆಲ್ಲ ಕ್ಷಯ ಬರುವುದಿಲ್ಲ. ಹೆಚ್ಚಿನವರಲ್ಲಿ ಬಿಳಿ ರಕ್ತಕಣಗಳು ಅದರ ಸುತ್ತ ಒತ್ತೊತ್ತಾಗಿ ನಿಂತು ಪುಟ್ಟ ಗಂಟು ಕಟ್ಟಿ ಅದನ್ನು ಒಳಗೇ ಕೂಡಿಹಾಕುತ್ತವೆ. ರೋಗಾಣು ಸಾಯುವುದಿಲ್ಲ, ಮಲಗಿರುತ್ತದೆ. ಈ ಕಾವಲಿನವರನ್ನು ಜಾಗ ಬಿಟ್ಟು ಕದಲದಂತೆ ನಿಲ್ಲಿಸಿರುವುದು ಯಾರು? ಅದೇ ಟಿಎನ್‌ಎಫ್. ಕರುಳಿನ ಸಲುವಾಗಿ ಅದರ ಬಾಯಿ ಕಟ್ಟಿದರೆ ಶ್ವಾಸಕೋಶದ ಕಾವಲೂ ಸಡಿಲವಾಗುತ್ತದೆ.

ಇದು ಊಹೆಯಲ್ಲ. ಇನ್‌ಫ್ಲಿಕ್ಸಿಮ್ಯಾಬ್ ಪಡೆದವರಲ್ಲಿ 70 ಮಂದಿಗೆ ಕ್ಷಯ ಬಂದ ವಿವರ 2001ರಲ್ಲಿ ಪ್ರಕಟವಾಯಿತು. ಅವರಲ್ಲಿ ಬಹುಪಾಲು ಜನ ಕ್ಷಯ ಅಪರೂಪವಾಗಿರುವ ದೇಶಗಳವರು! ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಕಾಯಿಲೆ ಶ್ವಾಸಕೋಶದ ಹೊರಗೂ ಹಬ್ಬಿತ್ತು. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಇರುವ ನಮ್ಮಲ್ಲಿ ಎಷ್ಟು ಎಚ್ಚರ ಬೇಕೆಂದು ನೀವೇ ಊಹಿಸಿ. ಆದ್ದರಿಂದ ಈ ಔಷಧ ಶುರುಮಾಡುವ ಮುನ್ನ ಎದೆಯ ಎಕ್ಸ್-ರೇ ಅಥವಾ ಸ್ಕ್ಯಾನ್, ಮಾಂಟೂ ಚರ್ಮ ಪರೀಕ್ಷೆ, ರಕ್ತದಲ್ಲಿ ಮಾಡುವ ಇಗ್ರಾ ಪರೀಕ್ಷೆ ಹೇಳುತ್ತಾರೆ. "ನನಗೆ ಇರುವುದು ಕರುಳಿನ ಕಾಯಿಲೆ, ಎದೆಯ ಫೋಟೊ ಯಾಕೆ?" ಎಂದು ಬೇಸರಪಡಬೇಡಿ. ಮಲಗಿರುವ ಕ್ಷಯ ಕಂಡುಬಂದರೆ ಕೆಲವು ವಾರ ಮೊದಲೇ ಅದಕ್ಕೆ ಮಾತ್ರೆ ಶುರುಮಾಡಿ, ಆಮೇಲೆ ಈ ಔಷಧ ಕೊಡುತ್ತಾರೆ. ಸ್ಟಿರಾಯ್ಡ್ ತೆಗೆದುಕೊಳ್ಳುವಾಗ ಈ ಪರೀಕ್ಷೆಗಳು ಸುಳ್ಳು ಹೇಳುವುದುಂಟು, ಹಾಗಾಗಿ ಸಾಧ್ಯವಾದರೆ ಅದಕ್ಕೂ ಮೊದಲೇ ಮಾಡಿಸುವುದು ಮೇಲು. ಮನೆಯಲ್ಲಿ, ಹಿಂದೆ ಎಂದಾದರೂ, ಅಜ್ಜನಿಗೋ ಚಿಕ್ಕಪ್ಪನಿಗೋ ಕ್ಷಯವಿತ್ತೆ ಎಂದು ಕೇಳಿದಾಗ ಸಂಕೋಚದಿಂದ ಮುಚ್ಚಿಡಬಾರದು. ಪರೀಕ್ಷೆ ಸರಿಯಾಗಿ ಬಂದರೂ ಚಿಕಿತ್ಸೆಯ ನಡುವೆ ಬಿಡದ ಜ್ವರ, ಕೆಮ್ಮು, ರಾತ್ರಿ ಬೆವರು, ಕುತ್ತಿಗೆಯ ಗಂಟು ಕಂಡರೆ ಮುಂದಿನ ಇಂಜೆಕ್ಷನ್‌ಗೆ ಮುಂಚೆ ತೋರಿಸಬೇಕು. ಹೆಪಟೈಟಿಸ್-ಬಿ ಪರೀಕ್ಷೆಯೂ ಇದೇ ಪಟ್ಟಿಗೆ ಸೇರಿದ್ದು.

ಕ್ಷಯದ ನಂಟು ಇನ್ನೊಂದು ದಿಕ್ಕಿನಿಂದಲೂ ಇದೆ. ಕ್ಷಯ ಕರುಳಿಗೂ ಬರುತ್ತದೆ, ಅದೂ ಕ್ರೋನ್ಸ್ ಇಷ್ಟಪಡುವ ಅದೇ ಜಾಗಕ್ಕೆ. ಹೊಟ್ಟೆನೋವು, ಜ್ವರ, ತೂಕ ಇಳಿಯುವುದು, ಕರುಳು ಕಿರಿದಾಗುವುದು ಎಲ್ಲ ಒಂದೇ ತೆರ. ಕೊಲೊನೋಸ್ಕೋಪಿಯಲ್ಲಿ ಹುಣ್ಣು ನೋಡಿ, ಬಯಾಪ್ಸಿಯಲ್ಲಿ ಗಂಟು ನೋಡಿ, ಎಷ್ಟೋ ಬಾರಿ ನುರಿತ ವೈದ್ಯರಿಗೂ ಇಂಥದೇ ಎಂದು ಹೇಳಲಾಗುವುದಿಲ್ಲ. ಆಗ ಮೊದಲು ಕ್ಷಯದ ಚಿಕಿತ್ಸೆ ಕೊಟ್ಟು ಎರಡು ಮೂರು ತಿಂಗಳಲ್ಲಿ ಮತ್ತೆ ಕೊಲೊನೋಸ್ಕೋಪಿ ಮಾಡಿ ನೋಡುತ್ತಾರೆ. ಹುಣ್ಣು ಮಾಯ್ದಿದ್ದರೆ ಕ್ಷಯ, ಇಲ್ಲದಿದ್ದರೆ ಕ್ರೋನ್ಸ್ ಕಡೆಗೆ ತೂಕ. ರೋಗಿಗೆ ಸ್ವಲ್ಪ ಹಾಯೆನ್ನಿಸಿದರೆ ಮರುಪರೀಕ್ಷೆ ಬೇಡವೆಂದು ತಪ್ಪಿಸಿಕೊಳ್ಳುವವರಿದ್ದಾರೆ. ಹೀಗೆ ತಪ್ಪಿಸಿಕೊಂಡು ಕ್ಷಯದ ಮಾತ್ರೆಯನ್ನೇ ತಿಂಗಳುಗಟ್ಟಲೆ ನುಂಗಿದರೆ, ಒಳಗಿರುವುದು ಕ್ರೋನ್ಸ್ ಆಗಿದ್ದ ಪಕ್ಷದಲ್ಲಿ, ಅಷ್ಟರಲ್ಲಿ ಕರುಳು ಶಸ್ತ್ರಚಿಕಿತ್ಸೆಯ ಹಂತಕ್ಕೆ ಹೋಗಬಹುದು. ಕ್ಷಯವಿದ್ದವರಿಗೆ ಕ್ರೋನ್ಸ್ ಎಂದು ಸ್ಟಿರಾಯ್ಡ್ ಕೊಟ್ಟರೆ ಆಗುವ ಅನಾಹುತ ಇನ್ನೂ ದೊಡ್ಡದು.

ಹೊಸ ಔಷಧಗಳು, ಹಳೆಯ ಔಷಧಗಳು

ಟಿಎನ್‌ಎಫ್ ತಡೆಗಳಲ್ಲಿ ಅಡಾಲಿಮುಮ್ಯಾಬ್ ಚರ್ಮದಡಿಗೆ ಮನೆಯಲ್ಲೇ ಚುಚ್ಚಿಕೊಳ್ಳುವಂಥದು. ಆನಂತರ ಐಎಲ್-23ರ ಸರದಿ. ಈ ಕಣಕ್ಕೂ ಐಎಲ್-12ಕ್ಕೂ ಒಂದು ಅಂಗ ಸಾಮಾನ್ಯ. ಆ ಅಂಗವನ್ನು ಹಿಡಿಯುವ ಉಸ್ಟೆಕಿನುಮ್ಯಾಬ್ 2016ರಲ್ಲಿ ಕ್ರೋನ್ಸ್‌ಗೆ, 2019ರಲ್ಲಿ ಕೊಲೈಟಿಸ್‌ಗೆ ಅಮೆರಿಕದಲ್ಲಿ ಬಳಕೆಗೆ ಬಂತು. ಐಎಲ್-23ನ್ನು ಮಾತ್ರ ತಡೆಯುವ ರಿಸಾಂಕಿಜುಮ್ಯಾಬ್ ಮೊದಲಾದವು 2022ರಿಂದೀಚೆಗೆ ಬಂದಿವೆ. ಇವುಗಳಲ್ಲಿ ಕ್ಷಯ ಎದ್ದೇಳುವ ಭಯ ಟಿಎನ್‌ಎಫ್ ತಡೆಗಳಿಗಿಂತ ಕಡಿಮೆ ಎಂಬುದು ಈವರೆಗಿನ ಅನುಭವ, ಆದರೂ ಪರೀಕ್ಷೆ ಬಿಡುವುದಿಲ್ಲ.

ಇನ್ನೊಂದು ಬಗೆಯವು ಕೋಶದ ಒಳಗೆ ಕೆಲಸ ಮಾಡುತ್ತವೆ. ಹಲವು ಸೈಟೊಕೈನುಗಳ ಅಪ್ಪಣೆ ಗ್ರಾಹಕದಿಂದ ಒಳಕ್ಕೆ ಹೋಗಲು ಜ್ಯಾಕ್ ಎಂಬ ಕಿಣ್ವ ಬೇಕು. ಅದನ್ನು ತಡೆಯುವ ಟೊಫಾಸಿಟಿನಿಬ್ 2018ರಲ್ಲಿ, ಉಪಡಾಸಿಟಿನಿಬ್ 2022ರಲ್ಲಿ ಕೊಲೈಟಿಸ್‌ಗೆ ಅಮೆರಿಕದಲ್ಲಿ ಅನುಮತಿ ಪಡೆದವು. ಇವು ಮಾತ್ರೆಗಳು, ಇಂಜೆಕ್ಷನ್ ಅಲ್ಲ. ಬೇಗ ಗುಣ ಕಾಣಿಸುತ್ತವೆ. ಆದರೆ ಒಂದೇ ಬಾರಿಗೆ ಅನೇಕರ ಬಾಯಿ ಮುಚ್ಚಿಸುವುದರಿಂದ ಸರ್ಪಸುತ್ತು ಮುಂತಾದ ಸೋಂಕು, ಕೆಲವರಲ್ಲಿ ರಕ್ತ ಹೆಪ್ಪುಗಟ್ಟುವುದು ಇವುಗಳ ಮೇಲೆ ಕಣ್ಣಿಡಬೇಕು. ಗರ್ಭಿಣಿಯರಿಗೆ ಇವು ಸಲ್ಲವು.

ಬೆಲೆಯೇ ನಮ್ಮ ಮನೆಗಳ ದೊಡ್ಡ ಪ್ರಶ್ನೆ. ಮೂಲ ಔಷಧದ ಪೇಟೆಂಟ್ ಮುಗಿದ ಮೇಲೆ ಅದನ್ನೇ ಹೋಲುವಂತೆ ಬೇರೆ ಕಂಪೆನಿಗಳು ತಯಾರಿಸುವ ಪ್ರತಿರೂಪಗಳಿಂದ ಸ್ವಲ್ಪ ಉಸಿರಾಡುವಂತಾಗಿದೆ. ಅಡಾಲಿಮುಮ್ಯಾಬ್‌ನ ಪ್ರತಿರೂಪವನ್ನು ಅಹಮದಾಬಾದಿನ ಜೈಡಸ್ ಕಂಪೆನಿ 2014ರ ಕೊನೆಯಲ್ಲೇ ಮಾರುಕಟ್ಟೆಗೆ ತಂದಿತು. ಉಸ್ಟೆಕಿನುಮ್ಯಾಬ್‌ನ ಪ್ರತಿರೂಪ ತಯಾರಿಸಿ 2024ರ ಕೊನೆಯಲ್ಲಿ ಅಮೆರಿಕದ ಅನುಮತಿ ಪಡೆದವರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಕೂಡ ಒಂದು.

ಆದರೆ ಹೊಸದೇ ಒಳ್ಳೆಯದು ಎಂಬ ಭ್ರಮೆ ಬೇಡ. ಅಲ್ಸರೇಟಿವ್ ಕೊಲೈಟಿಸ್ ಸೌಮ್ಯವಾಗಿದ್ದವರಲ್ಲಿ ಹೆಚ್ಚಿನವರಿಗೆ ಹಳೆಯ ಮೆಸಲಮೈನ್ ಮಾತ್ರೆ, ಗುದದ್ವಾರದಿಂದ ಕೊಡುವ ಅದರದೇ ಎನಿಮಾ ಸಾಕಾಗುತ್ತದೆ. ನಮ್ಮವರಿಗೆ ಎನಿಮಾ ಎಂದರೆ ನಾಚಿಕೆ. ಆದರೆ ಹುಣ್ಣು ಕೆಳಭಾಗದಲ್ಲಿದ್ದಾಗ ಮಾತ್ರೆಗಿಂತ ಅದೇ ಚೆನ್ನಾಗಿ ತಗಲುತ್ತದೆ. ಸ್ಟಿರಾಯ್ಡ್ ಎಲ್ಲ ಡಂಗುರಗಳನ್ನೂ ಒಟ್ಟಿಗೆ ಅಡಗಿಸುತ್ತದೆ, ಜೋರಾದ ದಾಳಿಯಲ್ಲಿ ಪ್ರಾಣ ಉಳಿಸುತ್ತದೆ. ಆಕ್ಸ್‌ಫರ್ಡಿನ ವೈದ್ಯರು ಕೊಲೈಟಿಸ್‌ನಲ್ಲಿ ಇದರ ಉಪಯೋಗವನ್ನು 1955ರಲ್ಲೇ ತೋರಿಸಿಕೊಟ್ಟಿದ್ದರು. ಆದರೆ ವರ್ಷಗಟ್ಟಲೆ ನುಂಗಿದರೆ ಮೂಳೆ ಸವೆಯುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ಕಾಯಿಲೆ ಮರುಕಳಿಸದಂತೆ ತಡೆಯುವ ಶಕ್ತಿಯೂ ಅದಕ್ಕಿಲ್ಲ. ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ಮತ್ತೆ ಮತ್ತೆ ತರುವುದನ್ನು ಇಂದೇ ನಿಲ್ಲಿಸಿ, ಆದರೆ ನುಂಗುತ್ತಿರುವವರು ಥಟ್ಟನೆ ಬಿಡುವುದೂ ಅಪಾಯ. ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು.

ಮನೆಯವರು ಕೇಳುವ ಪ್ರಶ್ನೆಗಳು

"ಈಗ ಚೆನ್ನಾಗಿದ್ದೇನೆ, ಮಾತ್ರೆ ಬಿಡಬಹುದೆ?" ಬಿಡಬಾರದು. ಲಕ್ಷಣ ಇಲ್ಲದಿದ್ದರೂ ಕರುಳಿನೊಳಗೆ ಡಂಗುರ ಸಣ್ಣಗೆ ಕೇಳುತ್ತಿರಬಹುದು. ವರ್ಷಗಳ ಕಾಲ ಉಳಿಯುವ ಇಂಥ ಉರಿಯೂತದಿಂದ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಹೆಚ್ಚುತ್ತದೆ. ಕಾಯಿಲೆ ಶುರುವಾಗಿ ಎಂಟು ವರ್ಷ ಕಳೆದವರು ಚೆನ್ನಾಗಿದ್ದರೂ ಕೊಲೊನೋಸ್ಕೋಪಿ ಮಾಡಿಸಿಕೊಳ್ಳಬೇಕೆನ್ನುವುದು ಅದಕ್ಕೇ.

"ಖಾರ ತಿಂದಿದ್ದಕ್ಕೆ ಬಂತೆ?" ಖಾರದಿಂದ ಈ ಕಾಯಿಲೆ ಹುಟ್ಟುವುದಿಲ್ಲ. ಜೋರಾಗಿದ್ದಾಗ ಖಾರ, ಕರಿದದ್ದು, ಕೆಲವರಿಗೆ ಹಾಲು ಒಗ್ಗುವುದಿಲ್ಲ, ಅಷ್ಟೇ. ಅದಕ್ಕಾಗಿ ಮೂರು ಹೊತ್ತೂ ಗಂಜಿ, ಮಜ್ಜಿಗೆ ಎಂದು ಪಥ್ಯ ಮಾಡಿಸಿ ರೋಗಿಯನ್ನು ಇನ್ನಷ್ಟು ಸೊರಗಿಸಬೇಡಿ. ಕ್ರೋನ್ಸ್ ಇರುವ ಮಕ್ಕಳಿಗೆ ಆರೆಂಟು ವಾರ ಬರೀ ದ್ರವರೂಪದ ವಿಶೇಷ ಆಹಾರ ಕೊಟ್ಟು ಉರಿಯೂತ ಇಳಿಸುವ ಕ್ರಮವುಂಟು, ಆದರೆ ಅದು ವೈದ್ಯರ ನಿಗಾದಲ್ಲಿ ಆಗಬೇಕಾದದ್ದು. ಅರಿಶಿನದ ಸಾರವಾದ ಕರ್ಕ್ಯುಮಿನ್ ಮೆಸಲಮೈನ್ ಜೊತೆಗೆ ಕೊಟ್ಟಾಗ ಕೊಲೈಟಿಸ್‌ನಲ್ಲಿ ಉಪಯೋಗವಾದ ಅಧ್ಯಯನಗಳಿವೆ. ಜೊತೆಗೆ ಎಂಬ ಮಾತನ್ನು ಗಮನಿಸಿ. ಬೀಡಿ, ಸಿಗರೇಟು ಕ್ರೋನ್ಸ್ ಅನ್ನು ಖಂಡಿತ ಕೆಡಿಸುತ್ತವೆ. ಕೀಲುನೋವಿಗೆ ತಾವೇ ನೋವಿನ ಮಾತ್ರೆ ನುಂಗಿದರೆ ಕಾಯಿಲೆ ಕೆರಳಬಹುದು. ಅಂಗಡಿಯಲ್ಲಿ ಕೇಳುವ ಮುನ್ನ ವೈದ್ಯರನ್ನು ಕೇಳಿ.

"ಮದುವೆ, ಮಕ್ಕಳು?" ಎರಡಕ್ಕೂ ಅಡ್ಡಿಯಿಲ್ಲ. ಕಾಯಿಲೆ ಹತೋಟಿಯಲ್ಲಿರುವಾಗ ಗರ್ಭ ಧರಿಸುವುದು ಒಳ್ಳೆಯದು. ಗರ್ಭಿಣಿಯಾದೊಡನೆ ಹೆದರಿ ಎಲ್ಲ ಔಷಧ ನಿಲ್ಲಿಸಿದರೆ ಕಾಯಿಲೆ ಉಲ್ಬಣಿಸಿ ಮಗುವಿಗೆ ಅದರಿಂದಲೇ ಹೆಚ್ಚು ಕೇಡು. ಯಾವುದನ್ನು ಮುಂದುವರಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ವೈದ್ಯರು ಹೇಳುತ್ತಾರೆ. ಇಲ್ಲಿ ಒಂದು ಎಚ್ಚರಿಕೆ ಮಾತ್ರ ನಮ್ಮ ದೇಶದವರು ಮರೆಯಬಾರದು. ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್ ಪ್ರತಿಕಾಯಗಳು ಗರ್ಭದ ಕೊನೆಯ ತಿಂಗಳುಗಳಲ್ಲಿ ಮಗುವಿನ ರಕ್ತಕ್ಕೂ ಸೇರಿ, ಹುಟ್ಟಿದ ಮೇಲೂ ತಿಂಗಳುಗಟ್ಟಲೆ ಉಳಿಯುತ್ತವೆ. ಕ್ಷಯಕ್ಕೆ ಹಾಕುವ ಬಿಸಿಜಿ ಲಸಿಕೆಯಲ್ಲಿ ಇರುವುದು ಜೀವಂತ ಬ್ಯಾಕ್ಟೀರಿಯಾ. ಗರ್ಭದಲ್ಲಿ ಇನ್‌ಫ್ಲಿಕ್ಸಿಮ್ಯಾಬ್‌ಗೆ ಒಡ್ಡಿಕೊಂಡ ಒಂದು ಮಗುವಿಗೆ ಮೂರು ತಿಂಗಳಲ್ಲಿ ಬಿಸಿಜಿ ಹಾಕಿದ ಮೇಲೆ ಆ ಬ್ಯಾಕ್ಟೀರಿಯಾ ಮೈಯೆಲ್ಲ ಹಬ್ಬಿ ಮಗು ತೀರಿಕೊಂಡದ್ದು 2010ರಲ್ಲಿ ವರದಿಯಾಗಿದೆ. ಆದ್ದರಿಂದ ಇಂಥ ಮಗುವಿಗೆ ಬಿಸಿಜಿಯನ್ನು ಕನಿಷ್ಠ ಆರು ತಿಂಗಳು, ಕೆಲವು ವೈದ್ಯರ ಪ್ರಕಾರ ಒಂದು ವರ್ಷ, ಮುಂದಕ್ಕೆ ಹಾಕುತ್ತಾರೆ. ಪೋಲಿಯೊ ಹನಿಯಂಥ ಇತರ ಜೀವಂತ ಲಸಿಕೆಗಳ ವಿಷಯವನ್ನೂ ಮಕ್ಕಳ ವೈದ್ಯರಲ್ಲಿ ಕೇಳಬೇಕು. ಉಳಿದ ಲಸಿಕೆಗಳನ್ನು ಕಾಲಕಾಲಕ್ಕೆ ಹಾಕಿಸಬಹುದು. ನಮ್ಮಲ್ಲಿ ಬಿಸಿಜಿಯನ್ನು ಹುಟ್ಟಿದ ದಿನವೋ ಮರುದಿನವೋ ಹೆರಿಗೆ ವಾರ್ಡಿನಲ್ಲೇ ಹಾಕಿಬಿಡುವುದು ರೂಢಿ, ಹಾಕುವ ನರ್ಸಿಗೆ ತಾಯಿಯ ಕರುಳಿನ ಕಾಯಿಲೆ ತಿಳಿದಿರುವುದಿಲ್ಲ. ಏಳನೇ ತಿಂಗಳಿನಲ್ಲೇ ಹೆರಿಗೆ ವೈದ್ಯರಿಗೆ ಈ ಔಷಧದ ಹೆಸರು ಹೇಳಿ, ತಾಯಿ ಕಾರ್ಡಿನ ಮೇಲೆ ದೊಡ್ಡದಾಗಿ ಬರೆಸಿಡಿ.